ಕೂಟಶಾಸನವೂ ಹುಸಿ ವಿಷಾಣುನಾಶಕವೂ

ಶಾಸನಾಭ್ಯಾಸಿಗಳಿಗೆ ‘ಕೂಟಶಾಸನ’ವೆಂಬ ಮಾತು ಅಪರಿಚಿತವಲ್ಲ. ಇಲ್ಲದ ದತ್ತಿಯನ್ನು ಉಂಟೆಂದು ಸಾಧಿಸಲು ಹಿಂದಿನ ಅರಸನ ಹೆಸರಿನಲ್ಲಿ ಹುಟ್ಟಿಸಿದ ಸುಳ್ಳು ಶಾಸನವೇ ಅದು. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟರು ಕೂಟವೆಂದು ತಳ್ಳಿಹಾಕಿದುದು ವಿದ್ವದ್ವಲಯದಲ್ಲಿ ಬಹುಕಾಲ ಚರ್ಚೆಗೆ ಎಡೆಮಾಡಿತು. ಲಿಪಿಯು ಕಾಲಕ್ಕೆ ಹೊಂದದಿದ್ದರೆ, ತಿಥಿವಾರಗಳು ಕೂಡದಿದ್ದರೆ, ಮುದ್ರೆ ಎಷ್ಟೇ ಭವ್ಯವಾಗಿದ್ದರೂ ಬಲ್ಲವರು ನಂಬುವುದಿಲ್ಲ. ಇಂಥ ಎಚ್ಚರದ ಓದು ಇಂದು ಮನೆಯ ಗಣಕಯಂತ್ರದ ಮುಂದೆ ಬೇಕಾಗಿದೆ.

ಕಲಬುರಗಿಯ ನಿವೃತ್ತ ಶಿಕ್ಷಕರ ಮನೆಯಾಗಲಿ, ಹುಮನಾಬಾದ್ ಹಾದಿಯ ಕಮಲಾಪುರದಲ್ಲಿ ಬಾಳೆತೋಟದ ಲೆಕ್ಕವಿಡುವ ರೈತನ ಮನೆಯಾಗಲಿ, ವಂಚನೆಯ ರೀತಿ ಒಂದೇ. ಯಾವುದೋ ಪುಟವನ್ನು ನೋಡುತ್ತಿರುವಾಗ ಪರದೆ ಥಟ್ಟನೆ ಕೆಂಪಾಗುತ್ತದೆ. ಗಂಟೆ ಬಡಿದಂತೆ ಸದ್ದಾಗುತ್ತದೆ. ‘ನಿಮ್ಮ ಯಂತ್ರಕ್ಕೆ ವೈರಸ್ ಹೊಕ್ಕಿದೆ, ಕೂಡಲೇ ಈ ತಂತ್ರಾಂಶವನ್ನು ಕೊಳ್ಳಿರಿ’ ಎಂದೋ, ‘ಈ ದೂರವಾಣಿಗೆ ಕರೆಮಾಡಿರಿ’ ಎಂದೋ ಇಂಗ್ಲಿಷಿನಲ್ಲಿ ಆಜ್ಞೆ ಹೊರಡುತ್ತದೆ. ರೋಗವೇ ಇಲ್ಲದ ಯಂತ್ರಕ್ಕೆ ಮೊದಲು ರೋಗದ ಹೆಸರು, ಬಳಿಕ ಅದಕ್ಕೆ ಮದ್ದು. ಮಗುವನ್ನು ಚಿವುಟಿ ತೊಟ್ಟಿಲನ್ನು ತೂಗುವ ಕೆಲಸವೆಂದು ಕನ್ನಡದಲ್ಲಿ ಹೇಳುವುದು ಇದನ್ನೇ. ಮದ್ದೆಂದು ಇಳಿಸಿಕೊಂಡ ತಂತ್ರಾಂಶವೇ ಹಲವು ವೇಳೆ ನಿಜವಾದ ವಿಷ.

ಈ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. ‘ವಿನ್‌ಫಿಕ್ಸರ್’ ಮೊದಲಾದ ಹುಸಿ ತಂತ್ರಾಂಶಗಳನ್ನು ಹೀಗೆ ಮಾರಿದ ಜಾಲದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ದಾವೆ ಹೂಡಿತು. ಹತ್ತು ಲಕ್ಷಕ್ಕೂ ಮಿಕ್ಕಿದ ಗ್ರಾಹಕರು ಮೋಸಹೋಗಿದ್ದರೆಂಬುದು ಅದರ ವಾದ. 2012ರಲ್ಲಿ ನ್ಯಾಯಾಲಯವು 16 ಕೋಟಿ 30 ಲಕ್ಷ ಡಾಲರುಗಳ ತೀರ್ಪನ್ನಿತ್ತಿತು. ದೂರದ ಮಾತೆಂದು ಸುಮ್ಮನಿರುವಂತೆಯೂ ಇಲ್ಲ. 2025ರ ನವೆಂಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೇ, ಮೈಕ್ರೋಸಾಫ್ಟ್ ಸಂಸ್ಥೆಯ ಸಹಾಯಕರೆಂಬ ಸೋಗಿನಿಂದ ಅಮೆರಿಕದ ಪ್ರಜೆಗಳನ್ನು ಸುಲಿಯುತ್ತಿದ್ದರೆಂಬ ಆರೋಪದ ಮೇಲೆ ಪೊಲೀಸರು ಹಲವರನ್ನು ಬಂಧಿಸಿದರು.

ಹಾಗಾದರೆ ಗುರುತಿಸುವ ಬಗೆ ಹೇಗೆ? ಕಮಲಾಪುರದ ಕೆಂಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಹಣ್ಣನ್ನು ಬೆಳೆದವರು ಹೆಸರು ಹೇಳಿದ ಮಾತ್ರಕ್ಕೆ ಮರುಳಾಗದೆ ಸಿಪ್ಪೆಯ ಬಣ್ಣ, ತಿರುಳಿನ ಪರಿಮಳಗಳನ್ನು ನೋಡುತ್ತಾರೆ. ಇಲ್ಲಿಯೂ ಹೆಸರು ಪ್ರಮಾಣವಲ್ಲ. ವಂಚಕರು ಪ್ರಸಿದ್ಧ ಸಂಸ್ಥೆಗಳ ಹೆಸರನ್ನೂ ಲಾಂಛನವನ್ನೂ ಎಗ್ಗಿಲ್ಲದೆ ಕದಿಯುತ್ತಾರೆ. ಪ್ರಮಾಣವಿರುವುದು ನಡತೆಯಲ್ಲಿ. ಅಂತರ್ಜಾಲದ ಪುಟವೊಂದು ಕ್ಷಣಾರ್ಧದಲ್ಲಿ ಇಡೀ ಯಂತ್ರವನ್ನು ಶೋಧಿಸಿದೆನೆಂದರೆ ಅದು ಸುಳ್ಳು; ಪುಟಕ್ಕೆ ಆ ಶಕ್ತಿಯೇ ಇಲ್ಲ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಮನೆಯವರು ಎಂದೂ ಹಾಕಿಸಿಕೊಳ್ಳದ ತಂತ್ರಾಂಶವು ‘ನಿಮ್ಮ ಚಂದಾ ಮುಗಿದಿದೆ’ ಎಂದರೆ ಅದು ತಿಥಿವಾರ ಕೂಡದ ಶಾಸನವೇ ಸರಿ. ಅವಸರಪಡಿಸುವುದಂತೂ ಮುಖ್ಯ ಲಕ್ಷಣ. ದುಡ್ಡು ಕೊಟ್ಟು ಕೊಳ್ಳುವುದೆಲ್ಲ ಹುಸಿಯೆಂದು ಇದರ ಅರ್ಥವಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮುಂತಾದವು ನಿಜವಾದ ರಕ್ಷಕಗಳೇ. ಮೇಲಾಗಿ 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಡಿಫೆಂಡರ್ ಎಂಬ ರಕ್ಷಕವು ವಿಂಡೋಸಿನೊಳಗೇ ಬೆಲೆಯಿಲ್ಲದೆ ದೊರೆಯುತ್ತಿದೆ.

ಮೋಸಹೋದವರನ್ನು ದಡ್ಡರೆಂದು ನಗುವ ಚಾಳಿಯೊಂದು ವಿದ್ಯಾವಂತರಲ್ಲಿದೆ. ಇದು ಖಂಡನೀಯ. ತಾಯ್ನುಡಿಯಲ್ಲಿ ಹೇಳಿದ್ದರೆ ‘ಇದೇನು ಮಾತು’ ಎಂದು ಕೇಳಬಲ್ಲ ಗೃಹಿಣಿ, ಇಂಗ್ಲಿಷಿನ ಕೆಂಪಕ್ಷರವನ್ನು ಕಂಡು ಸರಕಾರದ ನೋಟೀಸಿಗೆ ಬೆದರಿದಂತೆ ಬೆದರುತ್ತಾಳೆ. ನಗುವಿಗೆ ಹೆದರಿದವರು ವಂಚನೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಹಣ ಮರಳುವ ಅವಕಾಶ ಕಡಿಮೆಯಾಗುತ್ತದೆ. ಆದುದರಿಂದ ಗಣಕ ಶಿಕ್ಷಣವೆಂದರೆ ಕೀಲಿಮಣೆ ಒತ್ತುವುದಷ್ಟೇ ಎಂಬ ಎಣಿಕೆಯನ್ನು ಶಾಲೆಗಳು ಬಿಡಬೇಕು. ಹುಸಿ ಎಚ್ಚರಿಕೆಯ ಚಿತ್ರವನ್ನು ಹಲಗೆಯ ಮೇಲೆ ಬರೆದು, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪಾಠವು ಭಾಷಾಬೋಧಕರದೂ ಹೌದು.

ನಿವಾರಣೋಪಾಯವು ಕಠಿನವೇನಲ್ಲ. ಆ ಪರದೆಯ ಮೇಲೆ ಎಲ್ಲಿಯೂ ಒತ್ತಬಾರದು. ಮುಚ್ಚುವ ಗುರುತೂ ಹುಸಿಯಾಗಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ನಿಲ್ಲಿಸಬೇಕು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಕರೆಯಬಾರದು. ಎಚ್ಚರಿಕೆ ಮರುಕಳಿಸುತ್ತಿದ್ದರೆ ಅಪರಿಚಿತ ತಾಣಗಳಿಗೆ ಕೊಟ್ಟ ‘ನೋಟಿಫಿಕೇಶನ್’ ಅನುಮತಿಯನ್ನೂ ಗುರುತಿಲ್ಲದ ಎಕ್ಸ್‌ಟೆನ್ಷನ್‌ಗಳನ್ನೂ ಕಿತ್ತುಹಾಕಬೇಕು. ತಂತ್ರಾಂಶವೇ ಒಳಹೊಕ್ಕಿದ್ದರೆ ಅಂತರ್ಜಾಲದ ಸಂಪರ್ಕವನ್ನು ಕಡಿದು, ಸೆಟ್ಟಿಂಗ್ಸಿನ ಪಟ್ಟಿಯಿಂದ ಅದನ್ನು ತೆಗೆದು, ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ನಡೆಸಬೇಕು. ತೆಗೆಯಲು ಅದು ಬಿಡದಿದ್ದರೆ ಸೇಫ್ ಮೋಡಿನಲ್ಲಿ ಯತ್ನಿಸಬೇಕು. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಶುದ್ಧಿಯ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಇದಕ್ಕೂ ಬಗ್ಗದಿದ್ದರೆ ಕಡತಗಳನ್ನು ಬೇರೆಡೆ ಉಳಿಸಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿಸುವುದು ಲೇಸು.

ಅಪರಿಚಿತನಿಗೆ ದೂರದಿಂದ ಯಂತ್ರವನ್ನಾಳಲು ಬಿಟ್ಟಿದ್ದರೆ ವಿಷಯ ಗಂಭೀರ. ಬೇರೊಂದು ಶುದ್ಧ ಸಾಧನದಿಂದ ಗುಪ್ತಪದಗಳನ್ನು ಬದಲಿಸಬೇಕು, ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ದಾನಿಗಳಲ್ಲಿಯೂ ಒಂದು ಅರಿಕೆ. ಹಳೆಯ ಗಣಕಯಂತ್ರಗಳನ್ನು ಶಾಲೆಗೆ ಕೊಡುವುದು ಸ್ತುತ್ಯವೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರವನ್ನು ಕೊಡುವ ಮುನ್ನ ಅದರೊಳಗಿನ ವ್ಯವಸ್ಥೆ ಯಾವುದೆಂದು ವಿಚಾರಿಸಿ, ಸಾಧ್ಯವಿದ್ದಲ್ಲಿ ಹೊಸದನ್ನು ಹಾಕಿಸಿಯೇ ಕಳುಹಿಸಿದರೆ ಶಾಲೆಯ ಶಿಕ್ಷಕರಿಗೆ ಅರ್ಧ ಶ್ರಮ ತಪ್ಪುತ್ತದೆ.