ಗೊತ್ತಿದ್ದ ತಂತಿಯೇ ಕೊಲ್ಲುವಾಗ

ಪ್ರಯಾಣಿಕ ವಿಮಾನ ಉರುಳಿದರೆ ಜಗತ್ತೇ ಬೆಚ್ಚುತ್ತದೆ. ಬೆಳೆಯಿಂದ ಮೂರು-ನಾಲ್ಕು ಮೀಟರ್ ಎತ್ತರದಲ್ಲಿ ಹಾರುತ್ತ ಕೀಟನಾಶಕ ಸಿಂಪಡಿಸುವ ಪುಟ್ಟ ವಿಮಾನದ ಒಂಟಿ ಪೈಲಟ್ ಸತ್ತರೆ ಅದು ಸ್ಥಳೀಯ ಸುದ್ದಿ ಮಾತ್ರ. 1921ರಲ್ಲಿ ಅಮೆರಿಕದ ಓಹಿಯೊದಲ್ಲಿ ಆರಂಭವಾದ ಈ ಕಸುಬಿನಲ್ಲಿ, 2013ರ ಒಂದೇ ವರ್ಷ ಆ ದೇಶದಲ್ಲಿ 78 ಅಪಘಾತಗಳು ಸಂಭವಿಸಿದವೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ದಾಖಲಿಸಿದೆ.

ವಿದ್ಯುತ್ ತಂತಿಗೆ ಬಡಿಯುವುದು ಈ ಕಸುಬಿನ ದೊಡ್ಡ ಅಪಾಯ. ತಂತಿ ಇರುವುದೇ ಪೈಲಟ್‌ಗೆ ತಿಳಿದಿರಲಿಲ್ಲವೆಂದು ನಾವು ಊಹಿಸುವುದು ಸಹಜ. ಆದರೆ ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ಸಂಸ್ಥೆಯ ಅಧ್ಯಯನ ಬೇರೆಯದೇ ಸತ್ಯವನ್ನು ಹೇಳುತ್ತದೆ: ತಂತಿಗೆ ಬಡಿದ ಪೈಲಟ್‌ಗಳಲ್ಲಿ ಶೇ 63ರಷ್ಟು ಮಂದಿಗೆ ಅದು ಎಲ್ಲಿದೆಯೆಂಬುದು ಮೊದಲೇ ತಿಳಿದಿತ್ತು. ಕೊರತೆಯಾದದ್ದು ತಿಳಿವಳಿಕೆಯಲ್ಲ, ಆ ಕ್ಷಣದ ಗಮನ.

ಇದರಲ್ಲಿ ಅಚ್ಚರಿಯೇನಿಲ್ಲ. ಗಾಳಿಯ ದಿಕ್ಕು, ಪಕ್ಕದ ಹೊಲಕ್ಕೆ ತೇಲಿಹೋಗಬಹುದಾದ ಔಷಧ, ಜಿಪಿಎಸ್ ತೋರಿಸುವ ಸಾಲು, ಮುಂದಿನ ತಿರುವು, ರೇಡಿಯೊ ಕರೆ ಎಲ್ಲವನ್ನೂ ಒಬ್ಬನೇ ನಿಭಾಯಿಸಬೇಕು. ತೆಳುವಾದ ತಂತಿ ಕಣ್ಣಿಗೆ ಬೀಳುವುದೇ ಕಷ್ಟ. ಪೈಲಟ್ ಅದನ್ನು ನೆನಪಿನಿಂದಲೇ ತಪ್ಪಿಸಬೇಕು. ಮನಸ್ಸು ಅರೆಕ್ಷಣ ಬೇರೆಡೆಗೆ ಹರಿದರೂ ಆ ನೆನಪು ಕೈಕೊಡುತ್ತದೆ.

ಅಮೆರಿಕದ ವಿಮಾನಯಾನ ಕಂಪನಿಗಳ ಪೈಲಟ್‌ಗಳು ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರುವಾಗ ಅನಗತ್ಯ ಮಾತುಕತೆಯಲ್ಲಿ ತೊಡಗಕೂಡದೆಂಬ ನಿಯಮ 1981ರಲ್ಲೇ ಬಂತು. ಹತ್ತಡಿ ಎತ್ತರದಲ್ಲಿ ದುಡಿಯುವ ಕೃಷಿ ಪೈಲಟ್ ಆ ನಿಯಮದ ವ್ಯಾಪ್ತಿಯಲ್ಲೇ ಇಲ್ಲ. ಇದಕ್ಕಿಂತ ದೊಡ್ಡ ವಿಪರ್ಯಾಸ ಉಂಟೆ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗನ್ನಿಸುವುದಿಷ್ಟು: ಗಮನವೂ ಒಂದು ವಿರಳ ಸಂಪನ್ಮೂಲ. ಸಿಂಪಡಣೆಯ ಋತು ಚಿಕ್ಕದು. ಎಕರೆ ಲೆಕ್ಕದಲ್ಲಿ ಕೂಲಿ ಪಡೆಯುವ ಪೈಲಟ್‌ಗೆ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಅವಸರದ ಲಾಭ ಹಲವರಿಗೆ ಹಂಚಿಹೋಗುತ್ತದೆ, ಅದರ ಅಪಾಯವನ್ನು ಮಾತ್ರ ಅವನೊಬ್ಬನೇ ಹೊರುತ್ತಾನೆ. ಕೊನೆಗೆ ತನಿಖೆ ‘ಮಾನವ ದೋಷ’ವೆಂದು ಷರಾ ಬರೆದು ಕೈತೊಳೆದುಕೊಂಡರೆ ಫಲವೇನು? ಇಂಥ ಷರಾದೊಂದಿಗೆ ಮುಕ್ತಾಯವಾದ ಕಡತಗಳನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ಅವು ಮುಂದಿನ ಅವಘಡವನ್ನು ತಡೆದದ್ದಿಲ್ಲ.

ಪರಿಹಾರಗಳು ದುಬಾರಿಯಲ್ಲ. ಹೊಲಗಳ ಮೇಲಿನ ತಂತಿಗಳಿಗೆ ಎದ್ದುಕಾಣುವ ಗುರುತು ಹಾಕಬೇಕು. ಸಿಂಪಡಣೆಗೆ ಮುನ್ನ ಮೇಲಿನಿಂದ ಒಂದು ಸುತ್ತು ಹಾರಿ ಜಾಗ ಪರಿಶೀಲಿಸಬೇಕು. ಮೊಬೈಲ್ ಆಫ್ ಆಗಿರಬೇಕು. ಯೋಜನೆ ನಡುವೆ ಬದಲಾದರೆ ಮೇಲಕ್ಕೇರಿ, ಯೋಚಿಸಿ, ಬಳಿಕವಷ್ಟೇ ಇಳಿಯಬೇಕು. ಎಲ್ಲಕ್ಕೂ ಮಿಗಿಲಾಗಿ, ವೇಗಕ್ಕಷ್ಟೇ ಕೂಲಿ ಕೊಡುವ ಪದ್ಧತಿ ಬದಲಾಗಬೇಕು.

ನಮಗೇಕೆ ಈ ಚಿಂತೆ ಎನ್ನುವಂತಿಲ್ಲ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2023ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಡ್ರೋನ್‌ನೊಳಗೆ ಪೈಲಟ್ ಇರುವುದಿಲ್ಲ, ನಿಜ. ಆದರೆ ನಮ್ಮ ಹೊಲಗಳ ಮೇಲೆ ಜೋತುಬಿದ್ದ ತಂತಿಗಳಿವೆ, ಕೆಳಗೆ ಕಳೆ ಕೀಳುವ ಹೆಂಗಸರಿದ್ದಾರೆ. ಡ್ರೋನ್ ನಡೆಸುವವಳ ಗಮನವನ್ನು ಬದುವಿನ ಮೇಲೆ ನಿಂತವರ ಒಂದು ಪ್ರಶ್ನೆಯೂ ಕದಡಬಲ್ಲದು. ಯಂತ್ರ ಕೊಟ್ಟ ಸರ್ಕಾರ, ಅದನ್ನು ನಡೆಸುವವರು ಏಕಾಗ್ರತೆಯಿಂದ ದುಡಿಯುವ ವಾತಾವರಣವನ್ನೂ ಕಲ್ಪಿಸಿಕೊಡಬೇಕು.