ಬಾವಿಗೆ ಮದ್ದು, ಹಳ್ಳಕ್ಕೆ ವಿಷ

ಬೇಸಿಗೆ ಬಲಿತು ಮಲೆನಾಡಿನ ಹಳ್ಳಗಳ ಹರಿವು ಕಡಿದಾಗ ಮೀನುಗಳು ನೆರಳಿನ ಗುಂಡಿಗಳಲ್ಲಿ ಬಂದು ಸೇರುತ್ತವೆ. ಮುಂಗಾರಿನ ಮೊದಲ ನೆರೆಗೆ ಮೇಲಕ್ಕೆ ಹತ್ತಿ ಮೊಟ್ಟೆಯಿಡಬೇಕಾದ ತಾಯಿಮೀನುಗಳು ಉಳಿದುಕೊಳ್ಳುವುದು ಅಲ್ಲಿಯೇ. ಅಂಥ ಗುಂಡಿಗೆ ಬ್ಲೀಚಿಂಗ್ ಪುಡಿ ಸುರಿದು, ತೇಲಿಬಂದ ಮೀನನ್ನು ಬಾಚಿಕೊಳ್ಳುವ ಚಾಳಿ ಘಟ್ಟದ ಹಲವೆಡೆ ಬೇರೂರಿದೆ. ಕುಡಿಯುವ ಬಾವಿಗೇ ಹಾಕುವ ಪುಡಿಯನ್ನು ಹಳ್ಳಕ್ಕೆ ಹಾಕಿದರೆ ಕೇಡೇನು ಎಂಬ ಸಮರ್ಥನೆಯೂ ಅದರ ಜೊತೆಗಿದೆ. ಈ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ.

ಶಾಲಾ ಪಠ್ಯಗಳು ಚೆಲುವೆಪುಡಿ ಎಂದು ಕರೆಯುವ ಈ ವಸ್ತುವಿಗೆ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಪೇಟೆಂಟ್ ಪಡೆದದ್ದು ಬಟ್ಟೆಯನ್ನು ಬಿಳುಪಾಗಿಸುವ ಸಲುವಾಗಿ. ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಅನಿಲ ಹಾಯಿಸಿದರೆ ಇದು ಸಿದ್ಧವಾಗುತ್ತದೆ. ಇದರ ಸತ್ವ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ನೀರಿನಲ್ಲಿ ಅದು ಹೈಪೋಕ್ಲೋರಸ್ ಆಮ್ಲವನ್ನು ಕೊಡುತ್ತದೆ. ವಿದ್ಯುದಾವೇಶವಿಲ್ಲದ ಈ ಪುಟ್ಟ ಅಣು ರೋಗಾಣುವಿನ ಕೋಶಭಿತ್ತಿಯನ್ನು ಸುಲಭವಾಗಿ ದಾಟಿ, ಒಳಗಿನ ಪ್ರೋಟೀನುಗಳನ್ನು ಉತ್ಕರ್ಷಿಸಿ ಕೆಡಿಸುತ್ತದೆ. ರೋಗಾಣು ಯಾವುದು, ಮೀನು ಯಾವುದು ಎಂಬ ಭೇದ ಅದಕ್ಕಿಲ್ಲ.

ಬಾವಿಗೂ ಹಳ್ಳಕ್ಕೂ ಇರುವ ಅಂತರ ಪ್ರಮಾಣದಲ್ಲಿದೆ. ಸಾವಿರ ಲೀಟರ್ ಬಾವಿನೀರಿಗೆ ಸಾಮಾನ್ಯವಾಗಿ ಹಾಕುವುದು ಸುಮಾರು 2.5 ಗ್ರಾಂ ಪುಡಿ. ಅರ್ಧ ಗಂಟೆ ಕಳೆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂನಷ್ಟು ಮುಕ್ತ ಕ್ಲೋರಿನ್ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಆದರೆ ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೂಚಿಸಿದ ಅಲ್ಪಾವಧಿಯ ಮಿತಿ ಲೀಟರಿಗೆ 0.019 ಮಿಲಿಗ್ರಾಂ ಮಾತ್ರ. ಮನುಷ್ಯನಿಗೆ ಕುಡಿಯಲು ಯೋಗ್ಯವಾದ ನೀರಿನಲ್ಲಿಯೇ ಈ ಮಿತಿಯ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಕ್ಲೋರಿನ್ ಇರುತ್ತದೆ ಎಂದಾಯಿತು.

ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಯಲ್ಲಿ 50,000 ಲೀಟರ್ ನೀರಿರುತ್ತದೆ. ತಾಜಾ ಪುಡಿಯಲ್ಲಿ ಮೂರನೆಯ ಒಂದು ಭಾಗದಷ್ಟು ಕ್ಲೋರಿನ್ ಲಭ್ಯವಿರುವುದರಿಂದ, ಒಂದು ಕಿಲೋ ಪುಡಿ ಬಿದ್ದರೆ ಲೀಟರಿಗೆ 6.6 ಮಿಲಿಗ್ರಾಂ ಆಗುತ್ತದೆ. ಇದು ಆ ಮಿತಿಯ ಸುಮಾರು 350 ಪಟ್ಟು. ತರಗೆಲೆ, ಕೆಸರು ಒಂದಿಷ್ಟು ಕ್ಲೋರಿನನ್ನು ಹೀರಿಕೊಂಡರೂ ಉಳಿದದ್ದು ಧಾರಾಳವಾಗಿ ಸಾಕು.

ಮನುಷ್ಯ ಕುಡಿದ ನೀರಿನ ಕ್ಲೋರಿನ್ ಬಾಯಿ, ಜಠರಗಳಲ್ಲಿಯೇ ವರ್ತಿಸಿ ಮುಗಿದುಹೋಗುತ್ತದೆ. ಮೀನಿನ ಕಿವಿರಿನಲ್ಲಾದರೋ ನೀರಿಗೂ ರಕ್ತಕ್ಕೂ ನಡುವೆ ಇರುವುದು ಅತಿ ತೆಳುವಾದ ಪೊರೆ. ಕ್ಲೋರಿನ್ ಆ ಪೊರೆಯನ್ನು ಸುಡುತ್ತದೆ; ಮೀನು ನೀರಿನಲ್ಲಿದ್ದೂ ಉಸಿರುಕಟ್ಟಿ ಸಾಯುತ್ತದೆ. ಹಿಡಿಯುವವನಿಗೆ ಬೇಕಾದ ನಾಲ್ಕು ದೊಡ್ಡ ಮೀನುಗಳೊಡನೆ ಮರಿಮೀನು, ಸೀಗಡಿ, ಗೊದಮೊಟ್ಟೆ, ಕೊಡತಿ ಹುಳುವಿನ ಮರಿಗಳೂ ಸಾಯುತ್ತವೆ. ಗಾಳ, ಕೂಳಿಗಳಿಗೆ ಸಿಕ್ಕದೆ ಉಳಿಯುವ ಮೀನುಗಳಿವೆ. ಈ ಪುಡಿಗೆ ಸಿಕ್ಕದೆ ಉಳಿಯುವುದು ಅಪರೂಪ.

ಬಿಸಿಲಿಗೆ ಕ್ಲೋರಿನ್ ಬೇಗ ಹೋಗುತ್ತದೆ, ನೀರು ಮತ್ತೆ ತಿಳಿಯಾಗುತ್ತದೆ ಎಂಬುದು ನಿಜ. ಆದರೆ ಅದು ನೀರಿನ ಅಮೋನಿಯಾದೊಡನೆ ಸೇರಿ ಉಂಟಾಗುವ ಕ್ಲೋರಮೈನುಗಳು ಇನ್ನೂ ಹೆಚ್ಚು ಕಾಲ ಉಳಿಯುತ್ತವೆ. ಅವೂ ಮೀನಿಗೆ ವಿಷವೇ. ನೀರು ತಿಳಿಯಾದ ಮಾತ್ರಕ್ಕೆ ಬೇಸಿಗೆಯಲ್ಲಿ ಕಡಿದ ಹಳ್ಳಕ್ಕೆ ಬೇರೆಡೆಯಿಂದ ಮೀನು ಬಂದು ಸೇರುವುದಿಲ್ಲ. ಕೆಳಗಿನ ಮನೆಗಳು ಅದೇ ಹಳ್ಳಕ್ಕೆ ಪೈಪು ಹಾಕಿ ನೀರು ತರುತ್ತವೆಂಬುದೂ ಮರೆಯುವಂಥದ್ದಲ್ಲ.

ಆದುದರಿಂದ ಪುಡಿಯನ್ನೇ ದೂರುವುದು ತರವಲ್ಲ. ವಾಂತಿಭೇದಿಯ ಕಾಲದಲ್ಲಿ ಊರನ್ನು ಕಾಯುವುದು ಅದೇ. ಅದರ ಜಾಗ ಬಾವಿ ಮತ್ತು ಟ್ಯಾಂಕು. ಅದರ ಅಳತೆ ಗ್ರಾಮುಗಳಲ್ಲಿ. ನೀರಿಗೆ ವಿಷವಿಕ್ಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಆದರೆ ಕಾಡೊಳಗಿನ ಗುಂಡಿಯನ್ನು ಕಾಯಲು ಯಾವ ಅಧಿಕಾರಿಯೂ ಬಂದು ಕೂರಲಾರ. ಬಾವಿಗೆಂದು ಬಂದ ಪುಡಿ ಎಷ್ಟು, ಯಾವ ಬಾವಿಗೆ, ಯಾವ ದಿನ ಹಾಕಲಾಯಿತು ಎಂಬ ಲೆಕ್ಕವನ್ನು ಗ್ರಾಮಸಭೆ ಕೇಳಬೇಕು. ಪ್ರತಿ ಊರೂ ತನ್ನ ಹಳ್ಳದ ಎರಡು ಮೂರು ಆಳದ ಗುಂಡಿಗಳನ್ನಾದರೂ ಮಳೆ ಹಿಡಿಯುವವರೆಗೆ ಮುಟ್ಟದೆ ಬಿಡುವ ತೀರ್ಮಾನ ಮಾಡಬೇಕು. ಆ ಗುಂಡಿಗಳಲ್ಲಿ ಯಾವ ಮೀನುಗಳಿವೆ ಎಂಬುದನ್ನು ವರ್ಷ ವರ್ಷವೂ ಬರೆದಿಡುವ ಕೆಲಸವನ್ನು ಶಾಲೆಯ ಮಕ್ಕಳು ಹೊತ್ತರೆ, ಹಳ್ಳ ಏನನ್ನು ಕಳೆದುಕೊಂಡಿತು, ಏನನ್ನು ಉಳಿಸಿಕೊಂಡಿತು ಎಂಬುದು ಊರಿಗೇ ತಿಳಿಯುತ್ತದೆ.