ಎಂಜಿನು ಬದಲಿಸುವ ಮುನ್ನ

ಮಳೆ ಹಿಂದೆಗೆದು ಅಡಕೆಯ ಕೊಯ್ಲು ಇನ್ನೂ ಮೊದಲಾಗದ ದಿನಗಳಲ್ಲಿ, ಒಂದು ಭಾನುವಾರ, ತೀರ್ಥಹಳ್ಳಿಯ ಕಡೆಯಿಂದ ಇಬ್ಬರು ನವುಲೆಯ ನಮ್ಮ ಮನೆಗೆ ಬಂದರು. ಒಬ್ಬರು ಎಪ್ಪತ್ತು ದಾಟಿದ ತೋಟದ ಯಜಮಾನರು; ಇನ್ನೊಬ್ಬ ಅವರ ಮೊಮ್ಮಗ, ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಕುಳಿತು ಹೋದವನು. ಅವರದು ಹತ್ತು ಹನ್ನೆರಡು ಮಂದಿಯ ಕೂಡುಕುಟುಂಬ. ಮನೆಯಲ್ಲಿ ಎಂಟು ಜನ ಕುಳಿತುಕೊಳ್ಳಬಹುದಾದ ದೊಡ್ಡದೊಂದು ಪೆಟ್ರೋಲು ವಾಹನವಿದೆ. ಹದಿನಾಲ್ಕು ವರ್ಷ ದುಡಿದಿದೆ. ಯಜಮಾನರ ಪತ್ನಿಯವರನ್ನು ತಿಂಗಳಿಗೊಮ್ಮೆ ಆಗುಂಬೆಯ ಘಾಟಿ ಇಳಿಸಿ ಕರಾವಳಿಯ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲಿಯೇ. ಹಿಂದಿರುಗುವಾಗ ಘಾಟಿಯಲ್ಲಿ ಗಾಡಿ ಏದುಸಿರು ಬಿಡುತ್ತದೆ, ಎರಡು ಸಲ ತಿರುವಿನಲ್ಲಿಯೇ ನಿಂತುಹೋಗಿದೆ ಎಂಬುದು ದೂರು.

“ಮೇಷ್ಟ್ರೆ, ಇದರ ಎಂಜಿನು ತೆಗೆಸಿ ಡೀಸೆಲ್ ಎಂಜಿನು ಕೂರಿಸೋಣ ಅಂತ ಇದ್ದೇನೆ. ಘಟ್ಟಕ್ಕೆ ಡೀಸೆಲ್ಲೇ ಸರಿ. ನೀವೇನು ಹೇಳುತ್ತೀರಿ?” ಎಂದು ಯಜಮಾನರು ಕೇಳಿದರು. ಹುಡುಗನು ಅಪಘಾತಕ್ಕೀಡಾದ ಗಾಡಿಯೊಂದರ ಎಂಜಿನಿನ ಬೆಲೆ, ಕೂರಿಸುವ ಕೂಲಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಂದಿದ್ದನು. ಆ ಹಾಳೆಯಲ್ಲಿ ರೂಪಾಯಿಗಳಿದ್ದವು. ಕಿಲೋವಾಟುಗಳು ಒಂದೂ ಇರಲಿಲ್ಲ. ಭೌತಶಾಸ್ತ್ರದಲ್ಲಿ ತೊಂಬತ್ತು ಅಂಕ ಪಡೆದಿದ್ದವನು ಅವನು! ನಮ್ಮ ಬೋಧನೆಯ ಬಗ್ಗೆ ನಮಗೇ ಸ್ವಲ್ಪ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಇಂತಹ ಯೋಜನೆಗಳನ್ನು ಹೂಡುವವರು ಮಲೆನಾಡಿನಲ್ಲಿ ವಿರಳರಲ್ಲ. ಆದ್ದರಿಂದ ನಮಗೆ ತೋರಿದ್ದನ್ನು ಇಲ್ಲಿ ವಿವರವಾಗಿ ಹೇಳುತ್ತೇವೆ.

ಮೊದಲು ಬೇಕಾದದ್ದೆಷ್ಟು ಎಂಬುದನ್ನು ನೋಡೋಣ. ಜನರೂ ಸಾಮಾನೂ ಸೇರಿ ಗಾಡಿಯ ದ್ರವ್ಯರಾಶಿ 2300 ಕಿಲೋಗ್ರಾಮು ಎಂದಿಟ್ಟುಕೊಳ್ಳೋಣ. ಹನ್ನೆರಡು ಮೀಟರು ಸಾಗಿದರೆ ಒಂದು ಮೀಟರು ಏರುವ ಇಳಿಜಾರು. ವೇಗ ಗಂಟೆಗೆ 30 ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು 8.3 ಮೀಟರು. ಭಾರವನ್ನು ಮೇಲೆತ್ತುವುದಕ್ಕೆ ಬೇಕಾಗುವ ಸಾಮರ್ಥ್ಯ ಸುಮಾರು 16 ಕಿಲೋವಾಟು. ಟೈರುಗಳ ಉರುಳುಘರ್ಷಣೆಗೆ ಮೂರು ಕಿಲೋವಾಟು ಸೇರಿಸಿರಿ. ಈ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ಒಟ್ಟು 19 ಕಿಲೋವಾಟು. ಹಳೆಯ ಮಾತಿನಲ್ಲಿ ಇಪ್ಪತ್ತೈದು ಅಶ್ವಶಕ್ತಿ. ಕುಟುಂಬವನ್ನೆಲ್ಲ ಆಗುಂಬೆಗೆ ಹತ್ತಿಸಲು ಇಪ್ಪತ್ತೈದು ಕುದುರೆಗಳು ಸಾಕು!

ಅವರ ವಾಹನ ಯಾವ ಸಂಸ್ಥೆಯದೆಂಬುದು ಇಲ್ಲಿ ಮುಖ್ಯವಲ್ಲ. ಹೋಲಿಕೆಗಾಗಿ ಎಲ್ಲರೂ ಕಂಡಿರುವ ಒಂದನ್ನು ತೆಗೆದುಕೊಳ್ಳೋಣ. ನಮ್ಮ ಬಿಡದಿಯಲ್ಲಿ 2005ರಿಂದ ತಯಾರಾದ ಮೊದಲ ತಲೆಮಾರಿನ ಇನೋವಾ ಗಾಡಿಯು ಎರಡು ಬಗೆಯ ಎಂಜಿನುಗಳೊಡನೆ ಬರುತ್ತಿತ್ತು. ಎರಡು ಲೀಟರಿನ ಪೆಟ್ರೋಲು ಎಂಜಿನು ನಿಮಿಷಕ್ಕೆ 5600 ಸುತ್ತಿನಲ್ಲಿ 136 ಅಶ್ವಶಕ್ತಿ ಕೊಡುತ್ತಿತ್ತು. ಎರಡೂವರೆ ಲೀಟರಿನ ಡೀಸೆಲು ಎಂಜಿನು 3600 ಸುತ್ತಿನಲ್ಲಿ 102. ಆದರೂ ಘಟ್ಟದ ಚಾಲಕರು ಡೀಸೆಲನ್ನೇ ಹೊಗಳುತ್ತಿದ್ದರು. ಅವರೇನೂ ತಪ್ಪು ಹೇಳುತ್ತಿರಲಿಲ್ಲ. ಟಾರ್ಕ್, ಅಂದರೆ ದಂಡವನ್ನು ತಿರುಗಿಸುವ ಬಲ, ಡೀಸೆಲಿನಲ್ಲಿ 200 ನ್ಯೂಟನ್ ಮೀಟರು. ಅದೂ ಕೇವಲ 1400 ಸುತ್ತಿನಲ್ಲಿಯೇ ದೊರೆಯುತ್ತಿತ್ತು. ಪೆಟ್ರೋಲಿನ 182 ನ್ಯೂಟನ್ ಮೀಟರು ದೊರೆಯಬೇಕಾದರೆ ಎಂಜಿನು 4000 ಸುತ್ತುಗಳವರೆಗೆ ಏರಬೇಕಾಗಿತ್ತು. ಸಾಮರ್ಥ್ಯವೆಂಬುದು ಟಾರ್ಕ್ ಮತ್ತು ಕೋನವೇಗಗಳ ಗುಣಲಬ್ಧವೆಂದು ವಿದ್ಯಾರ್ಥಿಗಳು ಓದಿಯೇ ಇರುತ್ತೀರಿ. ಮೇಲಿನ ಅಂಕಿಗಳನ್ನು ಗುಣಿಸಿ ನೋಡಬಹುದು. ಡೀಸೆಲು ಮೆಲ್ಲನೆ ಸುತ್ತುತ್ತಲೇ ಎಳೆಯುತ್ತದೆ. ಪೆಟ್ರೋಲು ಎಳೆಯಬೇಕಾದರೆ ಗೇರು ಇಳಿಸಿ ವೇಗವಾಗಿ ಸುತ್ತಿಸಬೇಕು. ವ್ಯತ್ಯಾಸ ಇಷ್ಟೆ.

ನಮ್ಮ ಲೆಕ್ಕದ ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಎಂಜಿನು ಸುಮಾರು 2000 ಸುತ್ತು ತಿರುಗುತ್ತಿರುತ್ತದೆ. ಆಗ 19 ಕಿಲೋವಾಟು ಕೊಡಲು ಬೇಕಾಗುವ ಟಾರ್ಕ್ 90 ನ್ಯೂಟನ್ ಮೀಟರು. ಗೇರುಗಳಲ್ಲಿ ಸೋರುವ ಪಾಲು ಸೇರಿದರೆ ನೂರು. ಆರೋಗ್ಯವಾಗಿರುವ ಎರಡು ಲೀಟರಿನ ಪೆಟ್ರೋಲು ಎಂಜಿನಿಗೆ ಇದು ಕಷ್ಟವಲ್ಲ. ಹೀಗಿರುವಾಗ ಗಾಡಿ ನಿಂತುಹೋಗುವುದೇಕೆ? ಎಂಜಿನು ಚಿಕ್ಕದಾಗಿರುವುದರಿಂದಲ್ಲ, ಕಾಯಿಲೆ ಬಿದ್ದಿರುವುದರಿಂದ ಎಂಬ ಅನುಮಾನ ನಮಗೆ ಬಂದದ್ದು ಇಲ್ಲಿ. ನಾಲ್ಕರಲ್ಲಿ ಒಂದು ಸಿಲಿಂಡರು ದುಡಿಯದಿದ್ದರೆ ಟಾರ್ಕ್ ಕಾಲುಭಾಗಕ್ಕಿಂತಲೂ ಹೆಚ್ಚು ತಗ್ಗುತ್ತದೆ, ಏಕೆಂದರೆ ದುಡಿಯದವನನ್ನು ಉಳಿದ ಮೂವರು ಹೊತ್ತುಕೊಂಡು ತಿರುಗಿಸಬೇಕು. ಆಗ ದೊರೆಯುವುದಕ್ಕೂ ಬೇಕಾಗುವುದಕ್ಕೂ ಅಂತರವೇ ಉಳಿಯುವುದಿಲ್ಲ. ತಿರುವಿನಲ್ಲಿ ವೇಗ ಕುಂದಿತೆಂದರೆ ಗಾಡಿ ನಿಂತೇಬಿಡುತ್ತದೆ. ಸಮತಟ್ಟಾದ ದಾರಿಯಲ್ಲಿ 60 ಕಿಲೋಮೀಟರು ವೇಗಕ್ಕೆ ಎಂಟೊಂಬತ್ತು ಕಿಲೋವಾಟು ಸಾಕಾದ್ದರಿಂದ, ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ರೋಗ ಬಯಲಾಗುವುದೇ ಇಲ್ಲ.

ಯಜಮಾನರು ಇದನ್ನು ಸುಲಭವಾಗಿ ಒಪ್ಪಲಿಲ್ಲ. “ನಮ್ಮ ಜೀಪಿಗೆ ಹಾಕಿಸಿದ್ದೆವಲ್ಲ!” ಎಂದರು. ಅವರ ಮಾತಿನಲ್ಲಿ ಹುರುಳಿತ್ತು. 1940ರ ದಶಕದ ಕೊನೆಯಿಂದ ಮಹೀಂದ್ರಾ ಸಂಸ್ಥೆ ಭಾರತದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಪೆಟ್ರೋಲಿನವು, 2.2 ಲೀಟರಿನ ಎಂಜಿನು, ಕುಡಿಯುವುದರಲ್ಲಿ ಉದಾರಿ. ಮುಂದೆ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಆ ಜೀಪುಗಳ ಎಂಜಿನನ್ನು ಕಳಚಿ ಡೀಸೆಲನ್ನು ಕೂರಿಸಿದರು. ಸ್ವತಃ ಆ ಸಂಸ್ಥೆಯೇ ಟ್ರ್ಯಾಕ್ಟರಿನ ವಂಶದ ಎಂಜಿನನ್ನೂ, ಬಳಿಕ ಫ್ರಾನ್ಸಿನ ಪೂಜೋ ವಿನ್ಯಾಸದ ಡೀಸೆಲನ್ನೂ ತನ್ನ ಜೀಪುಗಳಿಗೆ ಅಳವಡಿಸಿತು. ಆ ಬದಲಾವಣೆ ಬುದ್ಧಿವಂತಿಕೆಯದೇ ಆಗಿತ್ತೆಂದು ನಾವು ಭಾವಿಸುತ್ತೇವೆ. ಜೀಪಿನಲ್ಲಿ ವಿದ್ಯುತ್ತಂತಿಗಳು ಬೆರಳೆಣಿಕೆಯವು. ವೇಗದ ಆಸೆಯೂ ಯಾರಿಗೂ ಇರಲಿಲ್ಲ. ಇಲ್ಲದಿದ್ದುದೇ ಒಳ್ಳೆಯದಾಯಿತು! ಹಳೆಯ ಜೀಪಿನ ಹಿಂದಿನ ಅಚ್ಚಿನಲ್ಲಿ ಚಕ್ರ ಒಂದು ಸುತ್ತು ಸುತ್ತಲು ದಂಡವು 5.38 ಸುತ್ತು ಸುತ್ತಬೇಕು. ಟೈರಿನ ಸುತ್ತಳತೆ ಸುಮಾರು 2.25 ಮೀಟರು. ಗಂಟೆಗೆ 80 ಕಿಲೋಮೀಟರು ವೇಗಕ್ಕೆ ಎಂಜಿನು ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗಬೇಕೆಂದು ಲೆಕ್ಕ ಹೇಳುತ್ತದೆ. ಪೆಟ್ರೋಲಿನ ಎಂಜಿನಿಗೆ ಅದು ಆಟ. ಟ್ರ್ಯಾಕ್ಟರಿನ ವಂಶದ ಡೀಸೆಲಿಗೆ ಅದೇ ಕೊನೆಯ ಮೆಟ್ಟಿಲು. ಅಚ್ಚನ್ನು ಬದಲಿಸದೆ ಎಂಜಿನನ್ನು ಮಾತ್ರ ಬದಲಿಸಿದ ಜೀಪುಗಳು ಹೆದ್ದಾರಿಯಲ್ಲಿ ಕಿರಿಚುತ್ತಿದ್ದದ್ದು ಇದಕ್ಕಾಗಿ.

ಕೌಶಲದ ಕೊರತೆ ನಮ್ಮ ಸೀಮೆಯಲ್ಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಂದಿನಿಂದ ಫಿಟ್ಟರು, ಟರ್ನರುಗಳ ತಲೆಮಾರುಗಳೇ ಇಲ್ಲಿ ಬೆಳೆದಿವೆ. ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಕೂರಬೇಕಾದ ಉಕ್ಕಿನ ತಟ್ಟೆಯನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕಡೆದುಕೊಡಬಲ್ಲವರು ಮಾಚೇನಹಳ್ಳಿಯಲ್ಲಿ ಇಂದಿಗೂ ಸಿಗುತ್ತಾರೆ. ನಮ್ಮ ಆಕ್ಷೇಪ ಕೈಗಳ ಮೇಲಲ್ಲ. ಎಂಜಿನು ಒಂಟಿಯಾಗಿ ಬದುಕುವ ವಸ್ತುವಲ್ಲವೆಂಬುದನ್ನು ನಾವು ಮರೆಯುತ್ತೇವೆ. ಆಕ್ಷೇಪ ಆ ಮರೆವಿನ ಮೇಲೆ.

ಎಲ್ಲಕ್ಕಿಂತ ಗಂಭೀರವಾದ ವಿಷಯ ಬ್ರೇಕಿನದು. ಇದನ್ನು ಯಾರೂ ಹಾಳೆಯಲ್ಲಿ ಬರೆಯುವುದಿಲ್ಲ. ದೊಡ್ಡ ವಾಹನದ ಬ್ರೇಕನ್ನು ಒತ್ತುವುದು ನಿಮ್ಮ ಕಾಲೊಂದೇ ಎಂದು ತಿಳಿದಿರುವಿರಾ? ಪೆಡಲಿನ ಹಿಂದೆ ದುಂಡನೆಯ ಡಬ್ಬಿಯೊಂದಿದೆ. ಅದರೊಳಗೆ ಒಂದು ಪೊರೆ; ಪೊರೆಯ ಒಂದು ಕಡೆ ನಿರ್ವಾತಕ್ಕೆ ಸಮೀಪದ ಸ್ಥಿತಿ, ಇನ್ನೊಂದು ಕಡೆಗೆ ಕಾಲೊತ್ತಿದೊಡನೆ ಹೊರಗಿನ ಗಾಳಿ ನುಗ್ಗುತ್ತದೆ. ಪೊರೆಯ ವ್ಯಾಸ 25 ಸೆಂಟಿಮೀಟರು, ಒತ್ತಡದ ಅಂತರ ವಾಯುಭಾರದ ಹತ್ತರಲ್ಲಿ ಆರು ಪಾಲು ಎಂದರೆ ಸುಮಾರು 300 ಕಿಲೋಗ್ರಾಮು ಭಾರದಷ್ಟು ಬಲ ನಿಮ್ಮ ಕಾಲಿನ ನೆರವಿಗೆ ಬರುತ್ತದೆ. ಈ ನಿರ್ವಾತ ಬರುವುದೆಲ್ಲಿಂದ? ಪೆಟ್ರೋಲು ಎಂಜಿನಿನಲ್ಲಿ ಗಾಳಿಯ ದಾರಿಗೆ ಒಂದು ಬಾಗಿಲುಂಟು. ಚಾಲಕನು ಕಾಲು ತೆಗೆದೊಡನೆ ಅದು ಮುಚ್ಚಿಕೊಳ್ಳುತ್ತದೆ, ಪಿಸ್ಟನ್ನುಗಳು ಅದರ ಹಿಂದೆ ಗಾಳಿಯನ್ನು ಹೀರಿ ನಿರ್ವಾತವನ್ನು ಪುಕ್ಕಟೆಯಾಗಿ ಉಂಟುಮಾಡುತ್ತವೆ. ಸಾಂಪ್ರದಾಯಿಕ ಡೀಸೆಲಿನಲ್ಲಿ ಆ ಬಾಗಿಲೇ ಇಲ್ಲ. ಗಾಳಿ ಸದಾ ತುಂಬಿ ಬರುತ್ತದೆ. ಹೆಚ್ಚು ಕಡಿಮೆಯಾಗುವುದು ಎಣ್ಣೆ ಮಾತ್ರ. ಆದ್ದರಿಂದ ಡೀಸೆಲು ವಾಹನಕ್ಕೆ ನಿರ್ವಾತದ ಪಂಪೊಂದನ್ನು ಬೇರೆಯಾಗಿ ಇಟ್ಟಿರುತ್ತಾರೆ. ಎಂಜಿನು ತಂದು ಈ ಪಂಪನ್ನು ಮರೆತರೆ, ಅಥವಾ ಕೊಳವೆ ಸರಿಯಾಗಿ ಕೂರದಿದ್ದರೆ, ಡಬ್ಬಿಯಲ್ಲಿ ಉಳಿದ ನಿರ್ವಾತ ಎರಡು ಮೂರು ಒತ್ತುಗಳಿಗೆ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಆಗುಂಬೆಯಲ್ಲಿ ಹದಿನಾಲ್ಕು ತಿರುವುಗಳಿವೆ.

ನಾವು ಇದನ್ನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಓದುವ ದಿನಗಳಲ್ಲಿ, ಹೀಗೆ ಎಂಜಿನು ಬದಲಿಸಿದ ಗೆಳೆಯರೊಬ್ಬರ ಗಾಡಿಯಲ್ಲಿ ಸಣ್ಣದೊಂದು ಇಳಿಜಾರನ್ನು ಇಳಿದಿದ್ದೆವು. ಪಂಪಿನ ಕೊಳವೆ ಕಳಚಿತ್ತು. ಕೆಳಗೆ ಗದ್ದೆಯಿದ್ದುದರಿಂದ ಇಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಇಳಿತದಲ್ಲಿ ಬ್ರೇಕುಗಳು ನುಂಗಬೇಕಾದ ಶಕ್ತಿಯನ್ನೂ ಎಣಿಸಿರಿ. ಆ 2300 ಕಿಲೋಗ್ರಾಮು 500 ಮೀಟರು ಇಳಿದರೆ ಹೊರಬೀಳುವ ಶಕ್ತಿ ಸುಮಾರು 11 ಮೆಗಾಜೂಲು. ಬ್ರೇಕಿನ ಕಬ್ಬಿಣದ ತೂಕ 40 ಕಿಲೋಗ್ರಾಮು ಎಂದುಕೊಂಡು, ಗಾಳಿ ಒಂದಿಷ್ಟೂ ತಂಪು ಮಾಡದೆಂದು ಬಗೆದರೆ, ಅದರ ಉಷ್ಣತೆ ಆರುನೂರು ಡಿಗ್ರಿ ಏರಬೇಕು! ಗಾಳಿ ತಂಪು ಮಾಡುತ್ತದೆ, ನಿಜ. ಆದರೂ ಗೇರಿನಲ್ಲಿ ಎಂಜಿನನ್ನು ಹಿಡಿದು ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದರ ಅರ್ಥ ಈ ಅಂಕಿಯಲ್ಲಿದೆ. ಇಲ್ಲಿಯೂ ಆ ಬಾಗಿಲಿಲ್ಲದ ಡೀಸೆಲು ಸಾಮಾನ್ಯವಾಗಿ ಪೆಟ್ರೋಲಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಏಕೆಂದರೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಕೊಟ್ಟ ಶಕ್ತಿಯನ್ನು ಮರಳಿಸಿಬಿಡುತ್ತದೆ. ಎಂಜಿನಿನ ತೂಕವೂ ಹೆಚ್ಚು. ಮುಂದಿನ ಸ್ಪ್ರಿಂಗುಗಳು ಕುಸಿಯುತ್ತವೆ. ಇನ್ನು ಇಂಧನದ ತೊಟ್ಟಿ, ಶೋಧಕ, ಸಾವಿರ ವಾಯುಭಾರಗಳನ್ನು ಮೀರಿದ ಒತ್ತಡದ ಪಂಪು, ಅದನ್ನಾಳುವ ಗಣಕ, ತಂತಿಗಳ ಜಾಲ: ಇವನ್ನೆಲ್ಲ ಹೇಳುತ್ತ ಹೋದರೆ ಪುಟಗಳು ಸಾಲವು.

ಉಳಿತಾಯದ ಮಾತೇನು? ಡೀಸೆಲು ಎಂಜಿನಿನ ದಕ್ಷತೆ ಮೇಲೆಂಬುದು 1897ರಲ್ಲಿ ರುಡಾಲ್ಫ್ ಡೀಸೆಲನು ತನ್ನ ಎಂಜಿನನ್ನು ಓಡಿಸಿ ತೋರಿಸಿದಂದಿನಿಂದ ನಿರ್ವಿವಾದ. ಆದರೆ ಮೈಲೇಜನ್ನು ಹೋಲಿಸುವಾಗ ಒಂದು ಲೀಟರು ಡೀಸೆಲಿನಲ್ಲಿ ಪೆಟ್ರೋಲಿಗಿಂತ ಹತ್ತು ಹನ್ನೆರಡು ಶೇಕಡಾ ಹೆಚ್ಚು ಶಕ್ತಿಯಿರುವುದನ್ನು ಯಾರೂ ಕಳೆಯುವುದಿಲ್ಲ. ಆ ಮನೆಯವರ ಓಡಾಟ ವರ್ಷಕ್ಕೆ 8000 ಕಿಲೋಮೀಟರು. ಲೀಟರಿಗೆ ಪೆಟ್ರೋಲಿನಲ್ಲಿ 9, ಡೀಸೆಲಿನಲ್ಲಿ 12 ಕಿಲೋಮೀಟರು ಎಂದೂ, ಬೆಲೆ ನೂರು ಮತ್ತು ತೊಂಬತ್ತು ರೂಪಾಯಿ ಎಂದೂ ಹಿಡಿದರೆ ವರ್ಷಕ್ಕೆ ಉಳಿಯುವುದು ಇಪ್ಪತ್ತೊಂಬತ್ತು ಸಾವಿರ. ಹುಡುಗನ ಹಾಳೆಯ ಮೊತ್ತ ಎರಡೂ ಮುಕ್ಕಾಲು ಲಕ್ಷ. ಹಾಕಿದ ಹಣ ಹಿಂದಿರುಗುವ ಹೊತ್ತಿಗೆ ಗಾಡಿಗೆ ಇಪ್ಪತ್ತಮೂರು ವರ್ಷವಾಗಿರುತ್ತದೆ.

ಆ ವಯಸ್ಸಿನವರೆಗೆ ಅದನ್ನು ಓಡಗೊಡುವರೆ ಎಂಬುದೂ ಪ್ರಶ್ನೆಯೇ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಹಿಂದೆ ಅಧಿಕಾರಿಯ ಒಪ್ಪಿಗೆ ಪಡೆದು ಮಾರ್ಪಾಡನ್ನು ನೋಂದಾಯಿಸಲು ದಾರಿ ಬಿಟ್ಟಿತ್ತು. 2000ದ ತಿದ್ದುಪಡಿಯಾದ ಮೇಲೆ, ನೋಂದಣಿಪತ್ರದಲ್ಲಿರುವ ವಿವರಗಳು ತಯಾರಕನು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ನವೀಕರಿಸಲು ಹೋದಾಗ ಎಂಜಿನಿನ ಸಂಖ್ಯೆಯನ್ನು ನೋಡುತ್ತಾರೆ. ಅಪಘಾತವಾದರೆ ವಿಮೆಯವರೂ ನೋಡುತ್ತಾರೆ. ಅದೇ ತಯಾರಿಕೆಯ, ಅದೇ ಬಗೆಯ ಎಂಜಿನನ್ನು ಒಪ್ಪಿಗೆ ಪಡೆದು ಕೂರಿಸುವುದು ಬೇರೆ ಮಾತು. ಸವೆದುಹೋದ ಡೀಸೆಲಿಗೆ ಬದಲಾಗಿ ಅಂಥದೇ ಇನ್ನೊಂದನ್ನು ಕೂರಿಸುವವರಿಗೆ ನಮ್ಮ ಅಡ್ಡಿಯೇನೂ ಇಲ್ಲ.

ಹೊಗೆಯ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲಿನ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ನಮ್ಮ ದೇಶದಲ್ಲಿ 2020ರ ಏಪ್ರಿಲಿನಿಂದ ಹೊಸ ಡೀಸೆಲುಗಳು ಮಸಿಯನ್ನು ಹಿಡಿದಿಡುವ ಶೋಧಕಗಳೊಡನೆ ಬರುತ್ತವೆ. ಅಪಘಾತದ ಗಾಡಿಯಿಂದ ಬಂದ ಹಳೆಯ ಎಂಜಿನಿಗೆ ಅಂಥದೊಂದೂ ಇರುವುದಿಲ್ಲ. ಆಸ್ಪತ್ರೆಗೆ ಹೋಗುವ ಗಾಡಿಯ ವಿಷಯದಲ್ಲಿ ಇದನ್ನು ಹೇಳಲು ನಮಗೆ ಸಂಕೋಚವಾಯಿತು, ಆದರೂ ಹೇಳಿದೆವು.

ಯಜಮಾನರು ಕಾಫಿ ಮುಗಿಸಿ, “ಹಾಗಾದರೆ ಮೊದಲು ಕಾಯಿಲೆ ನೋಡಿಸೋಣ” ಎಂದರು. ಮರುದಿನ ಹುಡುಗನು ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಿ, ಒತ್ತಡದ ಮಾಪಕವನ್ನು ಒಂದೊಂದೇ ಸಿಲಿಂಡರಿಗೆ ಹಿಡಿಸಿದನು. ಮೂರು ಸಿಲಿಂಡರುಗಳಲ್ಲಿ ಮುಳ್ಳು ನೂರೆಪ್ಪತ್ತರ ಆಸುಪಾಸಿಗೆ ಏರಿತು. ಮೂರನೆಯದರಲ್ಲಿ ನೂರನ್ನು ಮುಟ್ಟಲಿಲ್ಲ. ಹೆಡ್ಡು ಬಿಚ್ಚಿದಾಗ ಹೊಗೆ ಹೊರಹೋಗುವ ಕವಾಟದ ಅಂಚು ಸುಟ್ಟು ಚಂದ್ರನ ಕಲೆಯಂತೆ ಹರಿದಿತ್ತು. ಆ ಕವಾಟವನ್ನು ಅವನು ತೊಳೆದು, ಕಾಗದದಲ್ಲಿ ಸುತ್ತಿ ನಮಗೆ ಕಳಿಸಿದ್ದಾನೆ. ಈಗ ಅದು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ.